ನವಿಲು ಮುದ್ರೆಯ ತಾರೀಖು

ಅಂಚೆಚೀಟಿಯ ಮುಖಕ್ಕೆ ಮಸಿ ಬಳಿದ ಮೇಲೆಯೇ ನಮ್ಮ ಮನೆಯಲ್ಲಿ ಅದಕ್ಕೆ ಮರ್ಯಾದೆ. ಲೋಕವೆಲ್ಲ ಹೊಚ್ಚಹೊಸ ಚೀಟಿಯನ್ನು ಬಯಸುವಾಗ, ನಾನೊಬ್ಬ ಮಾತ್ರ ಅಂಚೆಯವರ ಸಿಕ್ಕಾ ಬಿದ್ದು ಕೆಲಸಕ್ಕೆ ಬಾರದಂತಾದ ಹಳೆಯ ಚೀಟಿಗಳನ್ನೇ ಆರಿಸಿ, ಆ ರದ್ದತಿಯ ಮುದ್ರೆಯೊಳಗೆ ದೇಗುಲವಿದೆಯೋ, ದೋಣಿಯಿದೆಯೋ, ಕಮಲವಿದೆಯೋ ಎಂದು ಭೂತಗನ್ನಡಿ ಹಿಡಿದು ಕೂಡುವವನು. ಸ್ವತಃ ಸೇವೆಯಿಂದ ನಿವೃತ್ತನಾಗಿ ರದ್ದಾದವನಿಗೆ ರದ್ದಾದವುಗಳ ಮೇಲೆ ಮಮತೆ ಸಹಜ ತಾನೆ? ಮುದ್ರೆಯ ಚಿಂತೆಯಲ್ಲಿ ನಿದ್ರೆಯನ್ನೂ ಬಿಟ್ಟ ನನ್ನನ್ನು ಕಂಡು, "ಕೂಡ್ಲಿಗಿಯಾಗ ಇಂಥಾವ್ರು ಇನ್ನೊಬ್ರು ಇದ್ರ ತೋರ್ಸ್ರಿ" ಎನ್ನುತ್ತಾಳೆ ನನ್ನ ಹೆಂಡತಿ.

ಈ ವಿದ್ಯೆಯಲ್ಲಿ ಒಂದು ಸೂಕ್ಷ್ಮವಿದೆ, ಓದುಗ ಮಿತ್ರರೇ. ಚಿತ್ರಮುದ್ರೆ ಚೀಟಿಯ ಮೇಲೆ ಅರ್ಧ, ಲಕೋಟೆಯ ಮೇಲೆ ಅರ್ಧ ಬಿದ್ದಿರುತ್ತದೆ. ಚೀಟಿಯನ್ನಷ್ಟೇ ನೀರಿನಲ್ಲಿ ನೆನೆಸಿ ಬಿಡಿಸಿದರೆ ಆನೆಯ ಸೊಂಡಿಲು ಉಳಿದು ಬಾಲ ಕಸದ ಬುಟ್ಟಿಗೆ ಹೋಗುತ್ತದೆ. ಆದ್ದರಿಂದ ಲಕೋಟೆಯ ಚೂರಿನ ಸಮೇತ ಕತ್ತರಿಸಿ ಇಡಬೇಕು. ಹೀಗೆ ಇಟ್ಟವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಗರಿಗೆದರಿದ ಒಂದು ನವಿಲು. ಅದನ್ನು ನಾನು ಕತ್ತರಿಸಿದ್ದಲ್ಲ, ಹೆಕ್ಕಿದ್ದು. ಎಲ್ಲಿ ಹೆಕ್ಕಿದೆನೆಂದು ಯಾರಿಗೂ ಹೇಳಿರಲಿಲ್ಲ.

ನಮ್ಮ ಕಡೆ ಸಾವಿನ ಸುದ್ದಿ ತಂದ ಕಾಗದವನ್ನು ಮನೆಯಲ್ಲಿ ಇಡುವುದಿಲ್ಲ; ಓದಿದ ಕೂಡಲೇ ಲಕೋಟೆಯ ಸಮೇತ ಹರಿದು ಹೊಸ್ತಿಲಾಚೆ ಎಸೆಯುತ್ತಾರೆ. ನಲವತ್ತು ವರ್ಷಗಳ ಹಿಂದೆ ಕೊಟ್ಟೂರಿನಲ್ಲಿ, ನನ್ನ ದೊಡ್ಡಪ್ಪನ ಮಗಳು ಕೊಟ್ರಕ್ಕನ ಮನೆಗೆ ಅಂಥದೊಂದು ಕಾಗದ ಬಂದಿತ್ತು. ಲಾರಿ ಓಡಿಸುತ್ತ ಉತ್ತರದೇಶಕ್ಕೆ ಹೋಗಿದ್ದ ಭಾವ ಜ್ವರದಿಂದ ತೀರಿಕೊಂಡ, ಅಲ್ಲೇ ಮಣ್ಣು ಮಾಡಿದೆವು ಎಂದು ಜೊತೆಯವನು ಬರೆದಿದ್ದ; ಯಾವ ದಿನ ಎಂಬುದನ್ನು ಬರೆದಿರಲಿಲ್ಲ. ಎರಡು ದಿನದ ಕೆಳಗಷ್ಟೇ ಅಕ್ಕ ಹಡಗಲಿಯಲ್ಲಿ ತಂಗಿಯ ಮದುವೆಯಲ್ಲಿ ಜಡೆ ತುಂಬ ಮಲ್ಲಿಗೆ ಮುಡಿದು ಓಡಾಡಿದ್ದಳು. ಆ ಅಳುವಿನ ನಡುವೆ, ಸುದ್ದಿ ಕೇಳಿ ಓಡಿಹೋಗಿದ್ದ ನನಗೆ ಹೊರಗೆ ಬಿದ್ದ ಚೂರುಗಳಲ್ಲಿ ಕಂಡದ್ದು ನವಿಲು. ಬಗ್ಗಿ ಎತ್ತಿ ಜೇಬಿಗೆ ಹಾಕಿಕೊಂಡೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕಳೆದ ತಿಂಗಳು ಕೂಡ್ಲಿಗಿಗೆ ಬಂದ ಅಕ್ಕ ನನ್ನ ಭೂತಗನ್ನಡಿ ನೋಡಿ ಇದೇನೆಂದು ಕೇಳಿದಳು. ಕಾಲು ಅಕ್ಷರ ಉಳಿದಿದ್ದರೂ ಸಾಕು, ಕಾಗದ ಯಾವ ಊರಿಂದ, ಯಾವ ದಿನ ಹೊರಟಿತೆಂದು ಹೇಳಬಲ್ಲೆ ಎಂದು ಕೊಚ್ಚಿಕೊಂಡೆ.

"ದಿನಾನೂ ತಿಳೀತೈತಾ?" ಎಂದಳು. ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು, "ಹಂಗಾರ ಅವತ್ತು ನಮ್ಮ ಮನಿ ಹೊರಗ ಬಿದ್ದಿದ್ದ ಚೂರು ಆರಿಸ್ಕೊಂಡ್ಯಲ್ಲ, ಅದನ್ನ ತೆಗಿ" ಎಂದಳು.

ಅಯ್ಯೋ, ನೋಡಿದ್ದಳು! ಭೂಮಿ ಬಾಯಿಬಿಡಬಾರದೇ ಎನಿಸಿತು.

"ಗಂಡ ಸತ್ತಾಗ ಹೂ ಮುಡ್ಕೊಂಡು ನಕ್ಕಾಳ ಅಂತ ನಮ್ಮತ್ತಿ ಸಾಯೋತನಕ ಅಂದ್ಲು. ಮದಿವಿ ದಿನ ಅವ್ರು ಇದ್ರಾ, ಇಲ್ಲಾ? ಅಷ್ಟು ಹೇಳು."

ಪುಟ ತೆರೆದೆ. ಆ ನವಿಲಿನ ಗರಿಗಳನ್ನು ಎಷ್ಟೋ ಸಲ ಎಣಿಸಿದ್ದ ಈ ಮುದ್ರಾಪಂಡಿತ, ಅದರ ಕಾಲಡಿಯ ತಾರೀಖನ್ನು ಒಮ್ಮೆಯೂ ಓದಿರಲಿಲ್ಲ. ಈಗ ಓದಿದೆ. ಮದುವೆಯ ತಾರೀಖು ನಮ್ಮಿಬ್ಬರಿಗೂ ಬಾಯಿಪಾಠ; ಇದು ಅದಕ್ಕಿಂತ ಆರು ದಿನ ಮೊದಲಿನದು.

"ಮಸಿ ಹರಡೇತಿ ಅಕ್ಕ, ಕಾಣವಲ್ದು" ಎಂದೆ.

"ಕಾಲಕ್ಷರ ಇದ್ರ ಸಾಕು ಅಂದಿ ಈಗ. ನನಗ ಕಾಗದ ಓದಾಕ ಬರಲ್ಲ, ನಿನ್ನ ಮಾರಿ ಓದಾಕ ಬರತೈತಿ. ಹೇಳೋ."

ಹೇಳಿದೆ. ಅವಳು ಮಲ್ಲಿಗೆ ಮುಡಿಯುವ ಹೊತ್ತಿಗೆ ಭಾವ ಮಣ್ಣಲ್ಲಿದ್ದ, ಕಾಗದ ಹಾದಿಯಲ್ಲಿತ್ತು. ಯಾರಿಗೂ ಕೇಡು ಮಾಡದ ಹವ್ಯಾಸವೆಂದು ಬೀಗಿಕೊಂಡು ಬಂದದ್ದು ಒಬ್ಬ ಹೆಂಗಸಿನ ಕೊನೆಯ ಆಸೆಯನ್ನೂ ರದ್ದು ಮಾಡಿತಲ್ಲ ಎಂದುಕೊಂಡೆ. ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದು ತಲೆ ತಗ್ಗಿಸಿ ಕೂತೆ. ಅಕ್ಕ ಬೆರಳು ಮಡಚಿದಳು. ಆರು, ಅದರ ಮೇಲೆ ಎರಡು.

"ಎಂಟು ದಿನ" ಎಂದಳು. "ಟಪಾಲು ತಡಾ ಆತು ಅಂತ ನಾವು ಬೈತೀವಿ. ಅದು ನನ್ನ ಎಂಟು ದಿನ ಹೆಚ್ಚಿಗಿ ಮುತ್ತೈದಿಯಾಗಿ ಇಟ್ಟಿತ್ತು ನೋಡಲೇ ತಮ್ಮ."