ಮಗಳ ಭಾನುವಾರ, ನನ್ನ ಶುಕ್ರವಾರ

ನನ್ನ ಮಗಳ ದನಿ ಕುವೈತಿನಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ, ನನ್ನ ಫೋನೊಂದನ್ನು ಬಿಟ್ಟು. ಫಹಾಹೀಲ್‌ನ ಮಾಲಿನಲ್ಲಿ ಈರುಳ್ಳಿ ಆರಿಸುತ್ತ ನಿಂತರೆ ಮೇಲಿನ ಸ್ಪೀಕರಿನಲ್ಲಿ ಅವಳೇ. ಕಟಿಂಗ್ ಅಂಗಡಿಯಲ್ಲೂ ಅವಳೇ. ಇಂಗ್ಲೆಂಡಿನ ನಾಲ್ಕು ಹುಡುಗಿಯರ ಪಾಪ್ ಗುಂಪು ಅದು. ಹಾಡಿನ ನಡುವೆ ಉಳಿದ ಮೂವರು ಸುಮ್ಮನಾಗುತ್ತಾರೆ, ಎರಡು ಸಾಲು ಇವಳೊಬ್ಬಳೇ ಹಾಡುತ್ತಾಳೆ. ಒಂದು ಬೆಳಿಗ್ಗೆ ಮೀನಾ ಅಲ್ ಅಹ್ಮದಿಯ ರಿಫೈನರಿಗೆ ಹೋಗುವ ಕಂಪನಿ ಬಸ್ಸಿನಲ್ಲಿ, ಸರಿಯಾಗಿ ಆ ಸಾಲು ಬರುವ ಹೊತ್ತಿಗೆ ಡ್ರೈವರ್ ಸ್ಟೇಷನ್ ಬದಲಿಸಿಬಿಟ್ಟ. "ಏ ಭಾಯಿ, ರಹನೇ ದೋ!" ಎಂದು ಎದ್ದು ನಿಂತು ಕೂಗಿದೆ. ಇಡೀ ಬಸ್ಸು ತಿರುಗಿ ನೋಡಿತು.

"ಅಕಿ ನನ್ನ ಮಗಳೋ" ಎಂದೆ, ಪಕ್ಕದಲ್ಲಿದ್ದ ಗೆಳೆಯನಿಗೆ. ಅವನು ಮಂಗಳೂರು ಕಡೆಯ ಬ್ಯಾರಿ, ನನ್ನ ಹಾಗೆಯೇ ಪಂಪು ರಿಪೇರಿ ಮಾಡುವವನು.

"ನಿಮ್ಮ ಮಗಳಾ? ಹಾಗಾದ್ರೆ ಈ ರಿಫೈನರಿ ನನ್ನದು ಮಾರಾಯ್ರೆ!"

ನಂಬದಿದ್ದರೆ ಬಿಡಲಿ. ನಾವು ಧಾರವಾಡದ ಕಡೆಯವರು, ಅವಳು ಹುಟ್ಟಿದ್ದು ಇಲ್ಲಿ. ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಎದುರುತ್ತರ ಕೊಡುತ್ತಿದ್ದಳು. ಅಕೌಂಟ್ಸ್ ಓದಲಿಕ್ಕೆಂದು ಇಂಗ್ಲೆಂಡಿಗೆ ಹೋದವಳು ಕಾಲೇಜಿನ ಗೆಳತಿಯರ ಜೊತೆ ಸೇರಿ ಹಾಡಲಿಕ್ಕೆ ಶುರು ಮಾಡಿದಳು. ಮೊದಲು ಯಾರದೋ ಮದುವೆ, ಯಾವುದೋ ಹೋಟೆಲು. ಆಮೇಲೆ ಒಂದು ಹಾಡು ಜನರ ಬಾಯಿಗೆ ಹತ್ತಿಕೊಂಡಿತು. ಈಗ ವರ್ಷವಿಡೀ ಊರಿಂದೂರಿಗೆ ಸುತ್ತಾಟ. ನನ್ನ ಅವ್ವನ ಹೆಸರನ್ನು ಅವಳಿಗಿಟ್ಟಿದ್ದೆ, ಪೋಸ್ಟರಿಗೆ ಉದ್ದವಾಯಿತೆಂದು ಅದನ್ನೂ ಕತ್ತರಿಸಿದರು. ಭಾಳ ಸಿಟ್ಟು ಬಂದಿತ್ತು ನನಗೆ. ಆದರೂ ಆ ಪೋಸ್ಟರನ್ನೇ ಫೋನಿನಲ್ಲಿ ಇಟ್ಟುಕೊಂಡಿದ್ದೇನೆ.

ಅವಳ ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ನಾನೊಬ್ಬನೇ. ಫೋನ್ ಮಾಡಿದರೆ ಮಗಳು ರಿಹರ್ಸಲ್ಲಿನಲ್ಲಿರುತ್ತಾಳೆ, ಇಲ್ಲವೇ ವಿಮಾನದಲ್ಲಿ. ಮೆಸೇಜು ಹಾಕಿದರೆ ಒಂದು ಕೆಂಪು ಹೃದಯ ಬರುತ್ತದೆ. ಅದನ್ನು ತೊಗೊಂಡು ನಾನೇನು ಮಾಡಲಿ? ಅವಳ ಹಾಡು ಬೇಕಾದಷ್ಟು ಕೇಳಿದ್ದೇನೆ. ಅವಳು ನನ್ನ ಜೊತೆ ಮಾತಾಡಬೇಕು, ಅಷ್ಟೇ. ಅದಕ್ಕಾಗಿ ಜೀವ ಎಷ್ಟು ಹಂಬಲಿಸುತ್ತದೆ ಎಂದರೆ ಕೆಲವು ಸಲ ಊಟವೇ ಸೇರುವುದಿಲ್ಲ.

ಇತ್ತೀಚೆಗೆ ಅವಳೇ ಫೋನ್ ಮಾಡತೊಡಗಿದಳು. ಆದರೆ ಭಾನುವಾರ! ಇಲ್ಲಿ ನನಗೆ ಸೂಟಿ ಶುಕ್ರವಾರ, ಭಾನುವಾರ ಮೈಮುರಿಯುವಷ್ಟು ಕೆಲಸ. ರಿಫೈನರಿಯೊಳಗೆ ಫೋನು ಒಯ್ಯುವಂತಿಲ್ಲ, ಗೇಟಿನ ಲಾಕರಿನಲ್ಲಿಟ್ಟು ಹೋಗಬೇಕು. ಸಂಜೆ ಹೊರಗೆ ಬಂದರೆ ಅವಳ ಮಿಸ್ಡ್ ಕಾಲು. ತಿರುಗಿ ಮಾಡಿದರೆ ಅವಳಾಗಲೇ ಸ್ಟೇಜು ಹತ್ತಿರುತ್ತಿದ್ದಳು. ಇಡೀ ವಾರ ಶುಕ್ರವಾರದ ದಾರಿ ಕಾದು, ನನ್ನ ಕೈಹಿಡಿದು ಸಮುದ್ರದ ದಂಡೆಗೆ ಎಳೆಯುತ್ತಿದ್ದ ಹುಡುಗಿ! ಅವಳ ಲೆಕ್ಕದಲ್ಲಿ ಈಗ ಎಲ್ಲರಿಗೂ ಸೂಟಿ ಎಂದರೆ ಭಾನುವಾರವಾಗಿತ್ತು.

ಒಂದು ಮೆಸೇಜು ಹಾಕಿ ನೆನಪಿಸಬಹುದಿತ್ತು. ಹಾಕಲಿಲ್ಲ. ಅಪ್ಪನಿಗೆ ಸೂಟಿ ಯಾವತ್ತು ಎಂಬುದನ್ನು ಮಗಳಿಗೆ ನಾನು ಹೇಳಿಕೊಡಬೇಕೇ? ಅದರ ಬದಲು ಬ್ಯಾರಿ ಗೆಳೆಯನ ಹತ್ತಿರ ಹೋದೆ. ಅವನಿಗೆ ಶುಕ್ರವಾರ ಡ್ಯೂಟಿ, ಭಾನುವಾರ ರಜೆ. ಜುಮ್ಮಾ ನಮಾಜಿಗೆ ಹೋಗಲಾಗುವುದಿಲ್ಲವೆಂದು ಕೊರಗುತ್ತಿದ್ದ.

"ನಿನ್ನ ಶುಕ್ರವಾರದ ಡ್ಯೂಟಿ ನನಗ ಕೊಡು, ನನ್ನ ಭಾನುವಾರ ನೀ ಮಾಡು."

"ತಲೆ ಸರಿ ಉಂಟಾ ನಿಮಗೆ? ಶುಕ್ರವಾರ ಯಾರಾದ್ರೂ ಬಿಡ್ತಾರಾ?"

"ಐತಿ, ಸರಿ ಐತಿ. ಯಲ್ಲಾ, ಲಗೂನ ಹೂಂ ಅನ್ನು."

ಅವನು ನನ್ನ ಎರಡೂ ಕೈ ಹಿಡಿದುಕೊಂಡ. ಫೋರ್‌ಮನ್ನೂ ಒಪ್ಪಿದ. ಮೊದಲ ಭಾನುವಾರ ನಾನು ಬಚ್ಚಲಿಗೂ ಫೋನು ಒಯ್ದೆ. ಬಾಗಿಲು ಬಡಿದವರಿಗೆ ಮನೆಯಲ್ಲಿ ಇಲ್ಲವೆಂದೆ, ಅದೂ ಒಳಗಿನಿಂದಲೇ! ಕತ್ತಲಾಯಿತು, ಫೋನು ಬರಲಿಲ್ಲ. ಅನ್ನಕ್ಕೆ ಮೊಸರು ಕಲಸಿ, ಉಣ್ಣದೇ ಮುಚ್ಚಿಟ್ಟೆ.

ಮುಂದಿನ ಶುಕ್ರವಾರ ಡ್ಯೂಟಿ ಮುಗಿಸಿ ಲಾಕರು ತೆಗೆದೆ. ಅವಳ ಮಿಸ್ಡ್ ಕಾಲು, ಅದರ ಕೆಳಗೆ ಒಂದು ವಾಯ್ಸ್ ಮೆಸೇಜು. ಕೈಗವಸು ಕಳಚಿ ಫೋನನ್ನು ಕಿವಿಗೆ ಹಿಡಿದೆ.

"ಅಪ್ಪಾ, ಇವತ್ತ ಫ್ರೈಡೇ, ನಿನ್ನ ಸೂಟಿ! ನಾ ಸಂಡೇ ಸಂಡೇ ಫೋನ್ ಮಾಡಾಕತ್ತಿದ್ದೆ, ಎಂಥಾ ಹುಚ್ಚಿ ನೋಡು. ಹೋದ ಸಂಡೇ ಡಯಲ್ ಮಾಡೂ ಮುಂದ ನೆನಪಾತು, ಅದಕ್ಕ ಬಿಟ್ಟೆ. ಈಗ ಯಾಕ ಎತ್ತವಲ್ಲಿ? ಮಲಗೀಯೇನು?"

ಕನ್ನಡದಲ್ಲೇ ಮಾತಾಡಿದ್ದಳು. ತಡವರಿಸುತ್ತ, ಆದರೆ ನಮ್ಮ ಮನೆಯ ಕನ್ನಡ. ಗೇಟಿನ ಗದ್ದಲ ಕೇಳಿಸದಂತೆ ಇನ್ನೊಂದು ಕಿವಿ ಮುಚ್ಚಿಕೊಂಡೆ.

"ಊಟ ಆತೇನಪ್ಪಾ?" ಎಂದು ಕೇಳಿದಳು. ನಾನು ಆ ಕಡೆ ಇದ್ದೇನೆ ಎನ್ನುವ ಹಾಗೆ, ಉತ್ತರಕ್ಕೆ ಕಾದಳು. ಅವಳ ಉಸಿರು ಕೇಳಿಸುತ್ತಿತ್ತು.

"ಆತವ್ವಾ" ಎಂದೆ ಗಟ್ಟಿಯಾಗಿ. ಗೇಟಿನ ಕಾವಲುಗಾರ ನನ್ನನ್ನೇ ನೋಡುತ್ತಿದ್ದ. "ನಿಂದು ಆತೇನು?"

ಅಷ್ಟರಲ್ಲಿ ಮೆಸೇಜು ಮುಗಿದಿತ್ತು.