ಕಿವಿಯ ಹಿಂದಿನ ಮೈಕು

ಮೈಕ್ ಸೆಟ್ಟಿನವನಿಗೆ ಕಿವಿ ಮಂದವಾಯಿತೆಂದರೆ ಕೇಳಿದವರು ನಗುತ್ತಾರೆ. ಅದಕ್ಕೇ ನಾನು ಯಾರಿಗೂ ಹೇಳಿರಲಿಲ್ಲ. ಮೂವತ್ತು ವರ್ಷ ಹಾರ್ನ್ ಸ್ಪೀಕರಿನ ಬುಡದಲ್ಲೇ ಕೂತು ಉಂಡವನು ನಾನು, ಕಿವಿಯಾದರೂ ಎಷ್ಟು ದಿನ ತಾಳೀತು? ಆದರೆ ವಿಷಯ ಹೊರಬಿದ್ದರೆ ಕೊಳ್ಳೇಗಾಲದಿಂದ ಹನೂರಿನವರೆಗೆ ಒಬ್ಬರೂ ನನ್ನನ್ನು ಕೆಲಸಕ್ಕೆ ಕರೆಯುವುದಿಲ್ಲ ಎಂಬ ಹೆದರಿಕೆ ಇತ್ತು.

ಗುಟ್ಟು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಸ್ಪೀಕರಿಗೆ ಎದುರಾದ ಮೈಕು ಕುಂಯ್ ಎಂದು ಶಿಳ್ಳೆ ಹಾಕುತ್ತದಲ್ಲ, ನನ್ನ ಕಿವಿ ಮೊದಲು ಬಿಟ್ಟುಕೊಟ್ಟದ್ದು ಅದನ್ನೇ. ಮುಳ್ಳೂರಿನ ಒಂದು ಮದುವೆಯಲ್ಲಿ ಜನರೆಲ್ಲ ಕಿವಿ ಮುಚ್ಚಿಕೊಂಡಿದ್ದಾರೆ, ನಾನು ಆರಾಮಾಗಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದೇನೆ! ಅವತ್ತಿನಿಂದ ಅವಳೂ ನನ್ನ ಜೊತೆ ಗಾಡಿ ಹತ್ತಿದಳು. ಜನರ ನಡುವೆ ಕೂರುವಳು. ಶಿಳ್ಳೆ ಬಂದರೆ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುವಳು, ಮಾತು ಕೇಳಿಸದಿದ್ದರೆ ಬಳೆ ತಿರುವುವಳು. ನಾನು ಅವಳನ್ನೇ ನೋಡುತ್ತ ಗುಂಡಿ ತಿರುಗಿಸುತ್ತಿದ್ದೆ. "ಮೈಕು ಕೂಗಕ್ ಮುಂಚೇನೆ ಇಡ್ದುಬುಡ್ತಾರ ಕಣ್ರಿ" ಎಂದು ಯಳಂದೂರಿನ ಕಡೆ ನನ್ನ ಹೆಸರು ಹಬ್ಬಿತ್ತಂತೆ. ಇದನ್ನು ನನಗೆ ಹೇಳಿದವಳೂ ಅವಳೇ, ಎಂದಿನಂತೆ ಕಿವಿಯ ಹತ್ತಿರ ಬಂದು ಕಿರುಚಿ.

ಮೈಕೆಂದರೆ ನನಗೆ ಇವತ್ತಿಗೂ ಬೆರಗು. ಭಾಷಣದವರ ಉಂಡೆ ತಲೆಯ ಮೈಕು ಎಷ್ಟು ಸಲ ಬಿದ್ದರೂ ಎದ್ದು ಮಾತಾಡುತ್ತದೆ, ಆದರೆ ಬಾಯಿ ಹತ್ತಿರವಿರಬೇಕು. ನಾಟಕದ ಸ್ಟೇಜಿಗೆ ಮೇಲಿಂದ ಇಳಿಬಿಡುವ ಮೈಕಿಗೆ ದೂರದ ಪಿಸುಮಾತೂ ಬೇಕು. ಆದರೂ ನಮ್ಮ ದುರ್ಯೋಧನರು ಅದರ ಕೆಳಗೇ ಬಂದು ನಿಂತು ತೊಡೆ ತಟ್ಟುತ್ತಾರೆ. ತಂಬೂರಿ ಪದದವರಿಗೆ ಬಾಯಿಗೊಂದು, ಕೈಯಲ್ಲಿ ಗಲಗಲಿಸುವ ಗಗ್ಗರಕ್ಕೊಂದು ಮೈಕು ಇಡುತ್ತೇನೆ, ಒಂದೇ ಇಟ್ಟರೆ ಗಗ್ಗರ ಪದವನ್ನು ನುಂಗಿಬಿಡುತ್ತದೆ. ಅಂಗಿಗೆ ಸಿಕ್ಕಿಸುವ ಕಾಲರ್ ಮೈಕಂತೂ ಹೊಟ್ಟೆ ಗುರುಗುಟ್ಟಿದ್ದನ್ನೂ ಊರಿಗೆ ಸಾರುತ್ತದೆ. ಅವೆಲ್ಲವೂ ನನಗಿಂತ ಚೆನ್ನಾಗಿ ಕೇಳಿಸಿಕೊಳ್ಳುತ್ತಿದ್ದವು. ಹೇಳಿಕೊಳ್ಳಲು ನಾಚಿಕೆ, ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಹೋದ ವರ್ಷ ಹೆಂಡತಿ ಹಟ ಹಿಡಿದು, ನಮ್ಮೂರು ಕಾಮಗೆರೆಯಲ್ಲಿ ನನ್ನನ್ನು ಬಸ್ಸಿಗೆ ಹತ್ತಿಸಿ ಕೊಳ್ಳೇಗಾಲದ ಕಿವಿ ಡಾಕ್ಟರರ ಹತ್ತಿರ ಕಳಿಸಿದಳು. ಡಾಕ್ಟರು ಹುಣಸೆ ಬೀಜದಷ್ಟು ಸಣ್ಣ ಮಿಷನ್ ಒಂದನ್ನು ಕಿವಿಯ ಹಿಂದೆ ಕೂರಿಸಿದರು. ಕೂರಿಸಿದ್ದೇ ತಡ, ಕುಂಯ್ ಎಂದಿತು. ಎಷ್ಟೋ ವರ್ಷಗಳಿಂದ ಕೇಳದ ಶಿಳ್ಳೆ! ನಾನು ದಿಗ್ಗನೆ ಎದ್ದು, ಸ್ಪೀಕರ್ ಯಾವ ಮೂಲೆಯಲ್ಲಿದೆ ಎಂದು ಕೋಣೆಯೆಲ್ಲ ಹುಡುಕಿದೆ. ಆಮೇಲೆ ಹೊಳೆಯಿತು, ಸ್ಪೀಕರ್ ಇದ್ದದ್ದು ನನ್ನ ಕಿವಿಯೊಳಗೆ. ಕಿವಿಯೊಳಗೆ ತುರುಕಿದ್ದ ಅದರ ಬಿರಡೆಯನ್ನು ಬೆರಳಿನಿಂದ ಒತ್ತಿ ಭದ್ರ ಮಾಡಿದೆ, ಶಿಳ್ಳೆ ನಿಂತಿತು. "ನಾನು ಹೇಳಿಕೊಡುವ ಮುಂಚೆಯೇ ಕಲಿತಿರಲ್ಲ" ಎಂದು ಡಾಕ್ಟರು ನಕ್ಕರು.

"ಇದ್ರಲ್ಲಿ ಮೈಕು ಎಲ್ಲದೆ ಸಾ?" ಎಂದೆ. ಎಳ್ಳಿನಷ್ಟು ಸಣ್ಣ ಎರಡು ತೂತು ತೋರಿಸಿದರು. ಜೀವಮಾನವೆಲ್ಲ ಹೊತ್ತು ತಿರುಗಿದ ಪೆಟ್ಟಿಗೆಗಳನ್ನು ನೆನೆದೆ. ಬೀದಿಗಿಳಿದರೆ ಯಾರದೋ ಮನೆಯೊಳಗಿನ ಮಗ್ಗ ಕೇಳುತ್ತಿದೆ, ನನ್ನದೇ ಚಪ್ಪಲಿಯ ಸದ್ದು ಕೇಳುತ್ತಿದೆ. ಬಸ್ಸಿನಲ್ಲಿ ಟಿಕೆಟ್ ಹರಿದ ಸದ್ದಿಗೂ ತಿರುಗಿ ನೋಡಿದೆ.

ಮನೆಗೆ ಬಂದು ಜಗಲಿಯ ಮೇಲೆ ಕೂತಿದ್ದೆ. ಒಳಗಿನಿಂದ, "ಉಣ್ಣಕ ಬನ್ನಿ" ಎಂದು ಯಾರೋ ಕೂಗಿದರು. ಯಾರೋ ಅನ್ನಿಸಿತು ನನಗೆ. ಒಡೆದ ಗಂಟಲು, ಮಾತಿನ ಅರ್ಧ ಬರೀ ಗಾಳಿ. ಅಂಥ ಗಂಟಲು ನನಗೆ ಚೆನ್ನಾಗಿ ಗೊತ್ತು. ಮೈಕು ಕೈಕೊಟ್ಟ ದಿನ ಇಡೀ ನಾಟಕವನ್ನು ಬಾಯಲ್ಲೇ ಕೂಗಿ ಆಡಿದವರಿಗೆ ಹಾಗಾಗುತ್ತದೆ. ಮದುವೆಯಾದಾಗ ಇವಳ ದನಿ ಹೀಗಿರಲಿಲ್ಲ. ಹಾಳಾದದ್ದು ನನ್ನ ಕಿವಿ ಮಾತ್ರ ಎಂದುಕೊಂಡಿದ್ದೆ. ಊರಿಗೆಲ್ಲ ಮೈಕು ಕಟ್ಟಿದವನ ಜೊತೆ ಇವಳು ಇಷ್ಟು ವರ್ಷ ಮೈಕಿಲ್ಲದೆ ಮಾತಾಡಿದ್ದಳು.

ಅವಳು ಬಾಗಿಲಿಗೆ ಬಂದು, ನನಗೆ ಕೇಳಿಸಲಿಲ್ಲವೆಂದು ಮತ್ತೊಮ್ಮೆ ಕೂಗಲು ಉಸಿರೆಳೆದುಕೊಂಡಳು. ನಾನು ಕೈ ಅಡ್ಡ ಮಾಡಿದೆ. ಕಣ್ಣು ತುಂಬಿತ್ತು.

"ಮೆಲ್ಲುಕೆ ಮಾತಾಡಮ್ಮಿ," ಎಂದೆ, "ಮೈಕು ಆಕಂಡಿವ್ನಿ."