ಅಂಬವ್ವ ಹೇಳದ ಆರು ಅಂಕಿ

ಯಂಕಪ್ಪನ ಮೇಲೆ ನನಗಿರುವ ತಕರಾರು ಒಂದೇ. ಊರವರ ಕೆಲಸಕ್ಕೆ ಓಡುತ್ತಾನೆ, ಸ್ವಂತದ್ದನ್ನು ನಾಳೆಗೆ ಹಾಕುತ್ತಾನೆ. ಕಟಪಾಡಿಯ ನನ್ನ ಕಂಪ್ಯೂಟರ್ ಅಂಗಡಿಯ ಹಿಂದಿನ ಬಾಡಿಗೆ ಕೋಣೆಯಲ್ಲಿ ಹದಿನೆಂಟು ವರ್ಷದಿಂದ ಇದ್ದಾನೆ. ಬಾಗಲಕೋಟೆ ಕಡೆಯಿಂದ ಚರಂಡಿ ಅಗೆಯಲು ಬಂದವನು ಈಗ ಮಣಿಪಾಲದ ಒಂದು ಹಾಸ್ಟೆಲಿನಲ್ಲಿ ಸಂಬಳದ ಪ್ಲಂಬರ್. ನನ್ನ ಮನೆಯ ನಲ್ಲಿ ಸೋರಿದರೆ ಕರೆಯದೆಯೇ ಬಂದು ಸರಿ ಮಾಡುತ್ತಾನೆ, ದುಡ್ಡು ಕೊಟ್ಟರೆ ಮುಖ ಊದಿಸಿಕೊಳ್ಳುತ್ತಾನೆ.

ಜುಲೈ ಕೊನೆಗೆ ಅವನ ಆದಾಯ ತೆರಿಗೆ ರಿಟರ್ನ್ ನಾನೇ ಸಲ್ಲಿಸಿದೆ. ಸಂಬಳದಲ್ಲಿ ಹೆಚ್ಚಾಗಿ ಹಿಡಿದ ಹನ್ನೊಂದು ಸಾವಿರ ವಾಪಸ್ ಬರಬೇಕಿತ್ತು. ಅದರಲ್ಲಿ ಹೆಂಡತಿ ಅಂಬವ್ವನಿಗೆ ಹೊಲಿಗೆ ಯಂತ್ರ ತರುವುದೆಂದು ಅವನ ಆಸೆ. ಆದರೆ ಸಲ್ಲಿಸಿದರೆ ಮುಗಿಯುವುದಿಲ್ಲ. ಮೂವತ್ತು ದಿನದೊಳಗೆ ಆಧಾರ್‌ನ ಒಟಿಪಿ ಹಾಕಿ ದೃಢೀಕರಿಸಬೇಕು, ತಪ್ಪಿದರೆ ದಂಡವೇ ಅರ್ಧ ದುಡ್ಡು ತಿನ್ನುತ್ತದೆ. ದಿನಾ ಬೈದೆ. ಕೊನೆಯ ದಿನ ಮಧ್ಯಾಹ್ನ ಬಂದ.

ಅವನ ಆಧಾರ್‌ಗೆ ಜೋಡಿಸಿದ್ದು ಅಂಬವ್ವನ ಹಳೆಯ ಗುಂಡಿ ಫೋನಿನ ನಂಬರು. ಅವಳು ತಂಗಿಯ ಬಾಣಂತನಕ್ಕೆಂದು ಅಜೆಕಾರಿನಲ್ಲಿದ್ದಳು. ನಾನು ಒಟಿಪಿ ಕಳಿಸಿದೆ, ಯಂಕಪ್ಪ ಫೋನ್ ಮಾಡಿ ಬಂದ ಆರು ಅಂಕಿ ಹೇಳು ಎಂದ.

"ನೀವು ಕೇಳಿದರೂ ಹೇಳಬ್ಯಾಡ ಅಂತ ನೀವೇ ಹೇಳೀರಲ್ರೀ," ಎಂದು ಫೋನು ಇಟ್ಟುಬಿಟ್ಟಳು.

ತಪ್ಪು ಅವಳದಲ್ಲ. ಹೋದ ವರ್ಷ ಬ್ಯಾಂಕಿನವಳು ಎಂದ ಸಿಹಿ ಮಾತಿನ ಹೆಂಗಸೊಬ್ಬಳು ಒಟಿಪಿ ಕೇಳಿ ಅವಳ ಎಂಟು ಸಾವಿರ ನುಂಗಿದ್ದಳು. ಯಂಕಪ್ಪ ಒಂದು ಮಾತೂ ಬೈಯಲಿಲ್ಲ, ಪಾಠ ಶುರು ಮಾಡಿದ. ಯಾರಿಗೂ ಹೇಳಬೇಡ, ನನ್ನ ನಂಬರಿನಿಂದ ನನ್ನ ಸ್ವರ ಬಂದರೂ ನಂಬಬೇಡ. ಮೇಲಿಂದ ಭಾನುವಾರ ಭಾನುವಾರ ನನ್ನ ಅಂಗಡಿಯಲ್ಲಿ ಕೂತು, ಬಾಯಿಗೆ ಕರ್ಚೀಫು ಒತ್ತಿ, ಬ್ಯಾಂಕ್ ಮ್ಯಾನೇಜರನ ಹಾಗೆ ಮಾತಾಡಿ ಅವಳನ್ನು ಪರೀಕ್ಷಿಸುತ್ತಿದ್ದ. ನಾನು ನಕ್ಕು ಸುಸ್ತಾಗುತ್ತಿದ್ದೆ. ಇದೂ ಪರೀಕ್ಷೆಯೇ ಎಂದು ಅವಳು ತಿಳಿದಿದ್ದಳು.

ಇನ್ನೊಂದು ಒಟಿಪಿ ಕಳಿಸಿ ನಾನೇ ಮಾತಾಡಿದೆ. ನಾನು ರಾಹಿಲಾ ಅಂತ ಹೇಳಿದರೂ ಕರಗಲಿಲ್ಲ. ಹೋದ ಸಲವೂ ಹೆಂಗಸಿನ ಸ್ವರವೇ ಇತ್ತು ಎಂದಳು. ಎರಡು ಒಟಿಪಿ ಸತ್ತವು. ನನಗೆ ಪಿತ್ತ ನೆತ್ತಿಗೇರಿತು. ಇಷ್ಟು ಕಲಿಸಬೇಕಿತ್ತಾ ಮಾರಾಯ ಎಂದು ಯಂಕಪ್ಪನಿಗೆ ಬೈದೆ. ಮೂರನೆಯ ಸಲ ಅವನು ಅಂಕಿ ಕೇಳಲೇ ಇಲ್ಲ. ಇವತ್ತೇ ಕೊನೆ ದಿನ, ರಾಹಿಲಕ್ಕನ ಅಂಗಡಿಗೆ ಬಾ ಎಂದಷ್ಟೇ ಹೇಳಿದ.

ಕಾರ್ಕಳದಲ್ಲಿ ಬಸ್ಸು ಬದಲಿಸಿ, ಸಂಜೆ ಮಸೀದಿಯಲ್ಲಿ ಬಾಂಗ್ ಆಗುವ ಹೊತ್ತಿಗೆ ಅಂಬವ್ವ ಬಂದು ನಿಂತಳು. ಗಂಡನ ಮುಖ, ನನ್ನ ಮುಖ ಎರಡನ್ನೂ ನೋಡಿ ಖಾತ್ರಿ ಮಾಡಿಕೊಂಡಳು. ನಾನು ಹೊಸ ಒಟಿಪಿ ಕಳಿಸಿದೆ. ಫೋನು ಕೊಡು ಎಂದು ಕೈ ಚಾಚಿದರೆ ಕೊಡಲಿಲ್ಲ. ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾನು ಕೂತಳು.

"ಇಬ್ಬರೂ ಆ ಕಡೆ ತಿರುಗ್ರಿ," ಎಂದಳು.

ನನ್ನದೇ ಅಂಗಡಿಯಲ್ಲಿ ನಾನು ರಸ್ತೆ ಕಡೆ ತಿರುಗಿ ನಿಂತೆ. ಪಕ್ಕದಲ್ಲಿ ಯಂಕಪ್ಪನೂ ಶಿಸ್ತಾಗಿ ತಿರುಗಿದ್ದ, ಕಣ್ಣು ತುಂಬಿತ್ತು.

"ಹೋದ ವರ್ಷ ನಾಚಿಕೆಗೆ ಎರಡು ದಿನ ಉಂಡಿದ್ದಿಲ್ರೀ ಅಕ್ಕಾ ಈಕಿ," ಎಂದ ಮೆಲ್ಲಗೆ.

ಬೆನ್ನ ಹಿಂದೆ ಕೀಬೋರ್ಡಿನ ಸದ್ದು ನಿಧಾನಕ್ಕೆ ಒಂದೊಂದೇ ಕೇಳಿಸಿತು. ನಾನು ಆರರವರೆಗೆ ಎಣಿಸಿದೆ.